ಬಿಡಾರ ಮನೆಯಾಗುವ ಬಗೆ

ಸುಲೇಪೇಟ, ಸೇಡಂ, ಚಿತ್ತಾಪುರ, ಚಿಂಚೋಳಿ, ವಾಡಿ, ಶಹಾಬಾದಗಳ ಕಡೆಯ ಯಾರನ್ನಾದರೂ ಹೈದರಾಬಾದಿನ ಬೀದಿಯಲ್ಲಿ ನಿಲ್ಲಿಸಿ "ಯಾವ ಊರು?" ಎಂದು ಕೇಳಿದರೆ ಉತ್ತರ ಒಂದೇ ಮಾತಿನಲ್ಲಿ ಬರುವುದಿಲ್ಲ. "ಊರು ಸುಲೇಪೇಟ್ರಿ, ಇರೋದು ಇಲ್ಲೇ" ಎನ್ನುತ್ತಾರೆ. ಊರು ಎಂಬುದು ಒಂದು, ಇರುವುದೆಂಬುದು ಇನ್ನೊಂದು. ಈ ಎರಡರ ನಡುವೆ ಜೀವಮಾನವನ್ನೆಲ್ಲ ಕಳೆಯುವ ಜನ ನಮ್ಮ ಸೀಮೆಯಲ್ಲಿ ಬಹಳ. ಅವರ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಈ ವಾರ ಲೇಖನಿ ಹಿಡಿದಿದ್ದೇನೆ.

ನಮ್ಮ ಹಿರಿಯರು ಮನೆಗೂ ಬಿಡಾರಕ್ಕೂ ಭೇದವೆಣಿಸುತ್ತಿದ್ದರು. ಹುಟ್ಟಿದ ಊರಿನಲ್ಲಿರುವುದು ಮನೆ. ಓದಿಗೋ ನೌಕರಿಗೋ ವ್ಯಾಪಾರಕ್ಕೋ ಹೋದ ಸ್ಥಳದಲ್ಲಿ ಹೂಡುವುದು ಬಿಡಾರ. ಮನೆಗೆ ಹೊಸ್ತಿಲುಪೂಜೆಯುಂಟು, ಬಿಡಾರಕ್ಕೆ ಬಾಡಿಗೆಯ ಚೀಟಿ ಮಾತ್ರ. ಪರಸ್ಥಳದಲ್ಲಿ ಮೂವತ್ತು ವರ್ಷ ನೌಕರಿ ಮಾಡಿ, ಅಲ್ಲಿಯ ಒಂದು ಹಬ್ಬವನ್ನು ಕಣ್ಣಾರೆ ನೋಡದೆ, ಪಕ್ಕದ ಬಾಗಿಲಿನವರ ಕುಶಲವನ್ನು ಒಂದು ದಿನವೂ ವಿಚಾರಿಸದೆ, ನಿವೃತ್ತಿವೇತನದ ಕಾಗದವನ್ನು ಹಿಡಿದುಕೊಂಡು ಹಿಂತಿರುಗಿದವರನ್ನು ನಾನು ಬಲ್ಲೆ. ಎರಡು ವರ್ಷ ಕಳೆಯುವಷ್ಟರಲ್ಲಿ ಓಣಿಯ ಮದುವೆ ಮುಂಜಿಗಳಿಗೆಲ್ಲ ಬೇಕಾದವರಾಗಿ, ವರ್ಗವಾದ ದಿನ ಓಣಿಯೇ ನಿಲ್ದಾಣಕ್ಕೆ ಬಂದು ಬೀಳ್ಕೊಟ್ಟವರನ್ನೂ ಬಲ್ಲೆ. ಮೊದಲಿನವರದು ಮೂವತ್ತು ವರ್ಷದ ಬಿಡಾರ. ಎರಡನೆಯವರದು ಎರಡು ವರ್ಷದ ಮನೆ. ಹಾಗಾದರೆ ಬಿಡಾರ ಮನೆಯಾಗುವುದು ಯಾವಾಗ? ನಿವೇಶನ ಕೊಂಡು ನೋಂದಣಿ ಮಾಡಿಸಿದ ದಿನವೆಂದು ಲೋಕ ಹೇಳೀತು. ಆ ಊರಿನ ಸಂತೋಷದಲ್ಲಿ ಪಾಲು ತೆಗೆದುಕೊಂಡು, ಆ ಸಂತೋಷದ ಗಂಟಿಗೆ ತನ್ನದೂ ಒಂದು ಹಿಡಿಯನ್ನು ಸೇರಿಸಿದ ದಿನ ಎಂಬುದು ನನ್ನ ಅಭಿಪ್ರಾಯ.

ಹೈದರಾಬಾದು ನಮ್ಮ ಭಾಗದವರಿಗೆ ಎರಡನೆಯ ಮನೆಯಾದದ್ದು ಆಕಸ್ಮಿಕವಲ್ಲ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ರೈಲು ಓಡಿತು. ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರು, ವಿಕಾರಾಬಾದ್ ಎಂದು ನಿಲ್ದಾಣಗಳ ಹೆಸರನ್ನು ನಮ್ಮ ಮಕ್ಕಳು ಮಗ್ಗಿಯಂತೆ ಒಪ್ಪಿಸಬಲ್ಲರು. ಸುಲೇಪೇಟಕ್ಕೆ ರೈಲಿಲ್ಲ, ಆದರೂ ಸೇಡಮ್ಮಿಗೋ ತಾಂಡೂರಿಗೋ ಹೋಗಿ ಗಾಡಿ ಹತ್ತುವುದು ಅಲ್ಲಿಯವರಿಗೆ ಸಂತೆಗೆ ಹೋದಷ್ಟೇ ರೂಢಿಯ ಮಾತು. ಬೆಂಗಳೂರು ಇಲ್ಲಿಂದ ಹೈದರಾಬಾದಿನ ಮೂರುಪಟ್ಟಿಗೂ ಹೆಚ್ಚು ದೂರ. 1948ರ ಸೆಪ್ಟೆಂಬರಿನವರೆಗೆ ಇದು ನಿಜಾಮರ ಸಂಸ್ಥಾನ. ಅದರ 16 ಜಿಲ್ಲೆಗಳಲ್ಲಿ 8 ತೆಲಂಗಾಣದವು, 5 ಮರಾಠವಾಡದವು. ಗುಲ್ಬರ್ಗಾ, ರಾಯಚೂರು, ಬೀದರಗಳೆಂಬ ಮೂರು ಕನ್ನಡದವು. ಅರ್ಜಿ ಹೊತ್ತವನು, ದಾವೆ ಹೂಡಿದವನು, ಹೆಚ್ಚಿನ ಓದು ಬಯಸಿದವನು, ವಾಸಿಯಾಗದ ರೋಗಕ್ಕೆ ದವಾಖಾನೆ ಹುಡುಕಿದವನು ಎಲ್ಲರೂ ಹೋಗುತ್ತಿದ್ದುದು ಆ ಒಂದೇ ನಗರಕ್ಕೆ. ಅದು ರಾಜಧಾನಿ; ಪರದೇಶವೆಂಬ ಭಾವನೆಗೆ ಎಡೆಯೇ ಇರಲಿಲ್ಲ.

1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತರಚನೆಯಾಯಿತು. ನಾವು ಕನ್ನಡನಾಡಿಗೆ ಸೇರಿದೆವು. ಶತಮಾನಗಳ ಹಂಬಲ ಈಡೇರಿತು. ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದ ತಾಂಡೂರು ಮತ್ತು ಕೊಡಂಗಲ್ ಆ ದಿನ ಆಂಧ್ರಪ್ರದೇಶದ ಪಾಲಿಗೆ ಹೋದವು. 2014ರ ಜೂನ್ 2ರಿಂದ ಅವು ತೆಲಂಗಾಣದಲ್ಲಿವೆ. ನಿನ್ನೆಯವರೆಗೆ ರಾಜಧಾನಿಯಾಗಿದ್ದ ಊರು ಬೆಳಗಾಗುವಷ್ಟರಲ್ಲಿ ನೆರೆರಾಜ್ಯದ ಊರಾಯಿತು. ಆದರೆ ರೈಲಿಗೆ ಈ ಗೆರೆ ಕಾಣಿಸಲಿಲ್ಲ, ಬೀಗಿತನಕ್ಕೂ ಕಾಣಿಸಲಿಲ್ಲ. ಸೇಡಮ್ಮಿನ ಹೆಣ್ಣು ತಾಂಡೂರಿಗೆ, ತಾಂಡೂರಿನ ಹೆಣ್ಣು ಚಿಂಚೋಳಿಗೆ ಸೊಸೆಯಾಗಿ ಬರುವುದು ನಿಲ್ಲಲಿಲ್ಲ. ನಕಾಶೆ ಬೇರೆ ಮಾಡಿದ್ದನ್ನು ಬಾಳುವೆ ಕೂಡಿಸಿಕೊಂಡೇ ಬಂದಿತು.

ನಮ್ಮ ಸೀಮೆಯ ನದಿಗಳೂ ಇದೇ ಮಾತನ್ನು ಹೇಳುತ್ತವೆ. ವಿಕಾರಾಬಾದಿನ ಬಳಿಯ ಅನಂತಗಿರಿಯ ಗುಡ್ಡಗಳಲ್ಲಿ ಎರಡು ಹೊಳೆಗಳು ಹುಟ್ಟುತ್ತವೆ. ಕಾಗಿಣಾ ಪಶ್ಚಿಮಕ್ಕೆ ಹರಿದು ತಾಂಡೂರು, ಸೇಡಂ, ಮಳಖೇಡಗಳನ್ನು ಮುಟ್ಟಿ ಭೀಮೆಯನ್ನು ಸೇರುತ್ತದೆ. ಮೂಸಿ ಪೂರ್ವಕ್ಕೆ ಹರಿದು ಹೈದರಾಬಾದಿನ ನಡುವೆ ಹಾಯುತ್ತದೆ. ಒಂದೇ ಗುಡ್ಡದಲ್ಲಿ ಹುಟ್ಟಿ ಬೆನ್ನು ತಿರುಗಿಸಿ ನಡೆದ ಈ ಇಬ್ಬರು ಅಕ್ಕತಂಗಿಯರ ನೀರು ಕೊನೆಗೆ ಕೂಡುವುದು ಕೃಷ್ಣೆಯಲ್ಲಿ. ನಮ್ಮೂರಿನಿಂದ ಆ ನಗರಕ್ಕೆ ಹೋಗುವವನು ಕಾಗಿಣಾ ತೀರದಿಂದ ಮೂಸಿಯ ತೀರಕ್ಕೆ ಹೋಗುತ್ತಾನೆ; ಅಷ್ಟೆ.

ನಗರದ ದಿನನಿತ್ಯದ ಬಾಳುವೆಯಲ್ಲಿ ನಮ್ಮವರಿಗೆ ಸಿಗುವ ಸುಖ ಯಾವುದು? ಅದು ದೊಡ್ಡ ದೊಡ್ಡ ಮಾತುಗಳಲ್ಲಿ ಹೇಳುವಂಥದಲ್ಲ. ಹಳೆಯ ಮನೆಗಳ ಅಂಗಳದಲ್ಲಿ ಹಾಸಿರುವುದು ಶಹಾಬಾದಿನ ಫರಸಿ ಅಥವಾ ತಾಂಡೂರಿನ ಕಲ್ಲು. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ನೀರು ಚಿಮುಕಿಸಿ ಕಾಲು ಚಾಚಿದರೆ ಮನೆಯ ಪಡಸಾಲೆಯ ತಂಪು ಅಂಗಾಲಿಗೆ ತಾಗುತ್ತದೆ. ಅಂಗಡಿಯಲ್ಲಿ ತೊಗರಿಬೇಳೆ ಕೇಳಿದರೆ ತಾಂಡೂರಿನದೋ ಕಲಬುರಗಿಯದೋ ಎಂದು ಅಂಗಡಿಯವನೇ ಕೇಳುತ್ತಾನೆ. ಕಲಬುರಗಿಯ ತೊಗರಿಗೆ 2019ರಲ್ಲಿಯೂ ತಾಂಡೂರಿನ ತೊಗರಿಗೆ 2022ರಲ್ಲಿಯೂ ಭೌಗೋಳಿಕ ಸೂಚಕದ ಮಾನ್ಯತೆ ಬಂದಿತು. ಎರಡು ರಾಜ್ಯಗಳ ಎರಡು ಹೆಸರುಗಳಾದರೂ ಬೆಳೆಯುವುದು ಗಡಿಯ ಎರಡೂ ಬದಿಯ ನೆರೆಹೊಲಗಳಲ್ಲಿ. ಸಂಜೆಯ ಹೊತ್ತು ಬೀದಿಯ ಬದಿಯಲ್ಲಿ ಒಲೆ ಹೂಡಿ ಜೋಳದ ರೊಟ್ಟಿ ತಟ್ಟುವ ಹೆಂಗಸರು ಎಷ್ಟೋ ಬಡಾವಣೆಗಳಲ್ಲಿ ಕಾಣುತ್ತಾರೆ. ಅವರು ಅದನ್ನು ಜೊನ್ನ ರೊಟ್ಟೆ ಎನ್ನುತ್ತಾರೆ; ತಟ್ಟುವ ಸದ್ದು ಮಾತ್ರ ಎರಡು ಭಾಷೆಗಳಿಗೂ ಒಂದೇ.

ಮಾತಿನ ವಿಷಯದಲ್ಲಿಯೂ ಹೀಗೆಯೇ. ನಮ್ಮ ಕಡೆಯ ಕನ್ನಡದಲ್ಲಿ ಜಲ್ದಿಯೂ ಉಂಟು, ದವಾಖಾನೆಯೂ ಉಂಟು, ದರಖಾಸ್ತೂ ಬಂದೋಬಸ್ತೂ ಉಂಟು. ಕಲಬುರಗಿಯ ದಖ್ಖನಿಯನ್ನು ಕೇಳಿ ಬೆಳೆದವನಿಗೆ ಹೈದರಾಬಾದಿನ ದಖ್ಖನಿಯನ್ನು ಹೊಸದಾಗಿ ಕಲಿಯಬೇಕಾದ ಕಷ್ಟವಿಲ್ಲ. ಸುಲೇಪೇಟದ ಬಜಾರಿನಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ನಾಲ್ಕೂ ಕಿವಿಗೆ ಬೀಳುತ್ತವೆ. ಅಂಥ ಕಡೆಯಿಂದ ಬಂದವನು ಇರಾನಿ ಚಹಾದ ಅಂಗಡಿಯಲ್ಲಿ ಉರ್ದುವಿನಲ್ಲಿ ಚಹಾ ಹೇಳಿ, ತರಕಾರಿಯವಳ ಸಂಗಡ ತೆಲುಗಿನಲ್ಲಿ ಚೌಕಾಸಿ ಮಾಡಿ, ಮನೆಗೆ ಬಂದು ಕನ್ನಡದಲ್ಲಿ ಮಕ್ಕಳನ್ನು ಗದರಿಸುವುದು ಸಹಜವಾದ ದಿನಚರಿ. ಇದಕ್ಕೆ ಯಾರೂ ಪಾಂಡಿತ್ಯವೆಂದು ಹೆಸರಿಡುವುದಿಲ್ಲ. ಆದರೆ ಇದರಲ್ಲಿ ಒಂದು ಸಂಸ್ಕಾರವಿದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಓದುವ ಹವ್ಯಾಸವುಳ್ಳವನಿಗೆ ಆ ನಗರದ ರವಿವಾರ ಒಂದು ಹಬ್ಬವೇ ಸರಿ. ಆಬಿಡ್ಸಿನ ಅಂಗಡಿಗಳು ಬಾಗಿಲು ಮುಚ್ಚಿದ ದಿನ ಅವುಗಳ ಮುಂದಿನ ಕಾಲುದಾರಿಯ ಮೇಲೆ ಹಳೆಯ ಪುಸ್ತಕಗಳ ಸಂತೆ ನೆರೆಯುತ್ತದೆ. ಇಂಗ್ಲಿಷ್, ತೆಲುಗು, ಉರ್ದು ಪುಸ್ತಕಗಳ ರಾಶಿಯಲ್ಲಿ ಅಟ್ಟೆ ಕಿತ್ತ ಒಂದು ಕನ್ನಡ ಪುಸ್ತಕ ಕಣ್ಣಿಗೆ ಬಿದ್ದರೆ ಆಗುವ ಸಂತೋಷವನ್ನು ಬೆಂಗಳೂರಿನಲ್ಲಾಗಲಿ ಧಾರವಾಡದಲ್ಲಾಗಲಿ ಇರುವವರು ಊಹಿಸಲಾರರು. ಅವರಿಗೆ ಅದು ನಿತ್ಯದ ಊಟ, ಹೊರನಾಡಿನವನಿಗೆ ತವರಿನಿಂದ ಬಂದ ಬುತ್ತಿ. ಮೂಸಿಯ ದಂಡೆಯ ಅಫ್ಜಲ್‌ಗಂಜಿನಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯ 1891ರಲ್ಲಿ ಆಸಫಿಯಾ ಗ್ರಂಥಾಲಯವಾಗಿ ಆರಂಭವಾದದ್ದು. ಹಲವು ಭಾಷೆಗಳ ಪುಸ್ತಕಗಳ ಸಂಗಡ ಅಲ್ಲಿ ಕನ್ನಡಕ್ಕೂ ಕಪಾಟಿನಲ್ಲಿ ಸ್ಥಳವಿದೆ.

ಇನ್ನು ಹಬ್ಬಗಳ ಮಾತು. ನಮ್ಮ ಹೊಲಗಳಲ್ಲಿ ಎಳ್ಳ ಅಮಾವಾಸ್ಯೆಯ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಭಜ್ಜಿ, ಅಂಬಲಿಗಳ ಊಟವಾಗುವ ದಿನಗಳ ಆಸುಪಾಸಿನಲ್ಲಿಯೇ ನಾಂಪಲ್ಲಿಯಲ್ಲಿ ನುಮಾಯಿಷ್ ಆರಂಭವಾಗುತ್ತದೆ. ಜನವರಿ ಮೊದಲ ದಿನದಿಂದ ಸುಮಾರು ಒಂದೂವರೆ ತಿಂಗಳು ನಡೆಯುವುದು ಅದರ ವಾಡಿಕೆ. 1938ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು ಸ್ವದೇಶದ ಕೈಗಾರಿಕೆಗಳಿಗೆ ಪ್ರೋತ್ಸಾಹ ಕೊಡಬೇಕೆಂದು ಸಾರ್ವಜನಿಕ ಉದ್ಯಾನದಲ್ಲಿ ಐವತ್ತರಷ್ಟು ಮಳಿಗೆಗಳನ್ನಿಟ್ಟು ಇದನ್ನು ಪ್ರಾರಂಭಿಸಿದರು. 1946ರಲ್ಲಿ ಅದು ಈಗಿನ ಮೈದಾನಕ್ಕೆ ಬಂದಿತು. ಕಾಶ್ಮೀರದ ಶಾಲಿನಿಂದ ಹಿಡಿದು ಮಣ್ಣಿನ ಕುಡಿಕೆಯವರೆಗೆ ಎಲ್ಲವೂ ಅಲ್ಲಿ ಸಿಗುತ್ತದೆ. ಕೊಳ್ಳುವವರಿಗಿಂತ ನೋಡುವವರೇ ಹೆಚ್ಚು. ನೋಡುವುದಕ್ಕಿಂತ ಅಲೆಯುವುದೇ ಹೆಚ್ಚು. ಊರಿನಿಂದ ಬಂದ ಬಂಧುಗಳನ್ನು ಅಲ್ಲಿಗೆ ಕರೆದುಕೊಂಡು ಹೋಗದಿದ್ದರೆ ಅತಿಥಿಸತ್ಕಾರ ಪೂರ್ಣವಾಗುವುದಿಲ್ಲ. ಈ ಜಾತ್ರೆಯ ಆದಾಯದಿಂದ ಪ್ರದರ್ಶನ ಸಂಘವು ಹಲವು ಶಾಲೆ ಕಾಲೇಜುಗಳನ್ನು ನಡೆಸುತ್ತದೆಂಬುದು ನಮ್ಮ ಜಾತ್ರಾ ಸಮಿತಿಗಳು ಗಮನಿಸತಕ್ಕ ವಿಷಯ. ಸಾವಿರಾರು ಜನರ ಸಂಜೆಯ ಸುಖ ಮರುದಿನ ಹೆಣ್ಣುಮಕ್ಕಳ ವಿದ್ಯೆಯಾಗುತ್ತದೆ.

ಆಷಾಢ ಬಂತೆಂದರೆ ಬೋನಾಲು. ಬೋನವೆಂದರೆ ಭೋಜನ. ಅನ್ನ, ಹಾಲು, ಬೆಲ್ಲಗಳನ್ನು ತುಂಬಿ, ಬೇವಿನ ಸೊಪ್ಪು ಕಟ್ಟಿ, ಮೇಲೆ ದೀಪವಿಟ್ಟ ಕೊಡವನ್ನು ತಲೆಯ ಮೇಲೆ ಹೊತ್ತು ಹೆಂಗಸರು ದೇವಿಯ ಗುಡಿಗೆ ನಡೆಯುತ್ತಾರೆ. ಮೊದಲು ಗೋಲ್ಕೊಂಡದ ಜಗದಂಬೆ, ಅನಂತರ ಸಿಕಂದರಾಬಾದಿನ ಉಜ್ಜಯಿನಿ ಮಹಾಕಾಳಿ, ಆಮೇಲೆ ಲಾಲ್ ದರ್ವಾಜೆಯ ಸಿಂಹವಾಹಿನಿ: ಹೀಗೆ ಹಬ್ಬ ಓಣಿಯಿಂದ ಓಣಿಗೆ ಸಾಗುತ್ತದೆ. ಸಿಕಂದರಾಬಾದಿನಲ್ಲಿ ಮರುದಿನ ರಂಗಂ. ಹಸಿಮಣ್ಣಿನ ಗಡಿಗೆಯ ಮೇಲೆ ನಿಂತ ಹೆಂಗಸು ಮಳೆ ಬೆಳೆಗಳ ಭವಿಷ್ಯ ನುಡಿಯುತ್ತಾಳೆ. ಮೈಲಾರದ ಕಾರಣಿಕವನ್ನು ಕಂಡ ಕನ್ನಡಿಗನಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಮಹಾಲಯ ಅಮಾವಾಸ್ಯೆಯಿಂದ ಒಂಬತ್ತು ದಿನ ಬತುಕಮ್ಮ. ತಂಗಡಿಯ ಹೂ ಮೊದಲಾದ ಕಾಡುಹೂಗಳನ್ನು ಗೋಪುರದಂತೆ ಸುತ್ತುಸುತ್ತಾಗಿ ಜೋಡಿಸಿ, ಸುತ್ತಲೂ ಚಪ್ಪಾಳೆ ತಟ್ಟಿ ಹಾಡಿ, ಕೊನೆಗೆ ನೀರಿಗೆ ಬಿಡುತ್ತಾರೆ. ಸೀಗೆಹುಣ್ಣಿಮೆ, ಗೌರಿಹುಣ್ಣಿಮೆಗಳಲ್ಲಿ ಹಾಡಿ ಬೆಳೆದ ನಮ್ಮ ಹೆಣ್ಣುಮಕ್ಕಳು ಆ ಸುತ್ತಿನಲ್ಲಿ ಸೇರಿಕೊಳ್ಳಲು ಸಂಕೋಚಪಡುವುದಿಲ್ಲ. ಹಾಡಿನ ಮಾತು ಬಾರದಿದ್ದರೂ ಚಪ್ಪಾಳೆಯ ತಾಳ ಬರುತ್ತದೆ. ಎರಡನೆಯ ವರ್ಷಕ್ಕೆ ಮಾತೂ ಬರುತ್ತದೆ.

ಮೊಹರಮ್ಮಿನ ಹತ್ತನೆಯ ದಿನ ಹಳೆಯ ನಗರದಲ್ಲಿ ಬೀಬಿಯ ಆಲಂ ಮೆರವಣಿಗೆ ಹೊರಡುತ್ತದೆ. ಅಲ್ಲಿಯದು ಶೋಕದ ಗಾಂಭೀರ್ಯ. ನಮ್ಮ ಹಳ್ಳಿಗಳಲ್ಲಿ ಅಲಾಯಿ ಕುಣಿಯ ಸುತ್ತ ಎಲ್ಲ ಜಾತಿಯವರೂ ಹೆಜ್ಜೆ ಹಾಕುತ್ತಾರೆ, ರಿವಾಯತ್ ಪದಗಳನ್ನು ಕನ್ನಡದಲ್ಲಿ ಹಾಡುತ್ತಾರೆ. ಆಚರಣೆ ಬೇರೆ, ಆದರೆ ಪರರ ದುಃಖದ ದಿನದಲ್ಲಿ ಟೊಪ್ಪಿಗೆ ತೆಗೆದು ನಿಲ್ಲುವ ಮರ್ಯಾದೆಯನ್ನು ಕಲಿತದ್ದು ಹಳ್ಳಿಯಲ್ಲಿಯೇ. ಇತ್ತ ಖಾಜಾ ಬಂದೇನವಾಜರ ಉರುಸಿಗೆ ಹೈದರಾಬಾದಿನಿಂದ ಕಲಬುರಗಿಗೆ ಜನ ಗಾಡಿ ತುಂಬಿ ಬರುತ್ತಾರೆ. ಹೋಗುವ ದಾರಿಯೇ ಬರುವ ದಾರಿಯೂ ಆಗಿದೆ.

ಇಷ್ಟು ಹೇಳಿದ ಮೇಲೆ ಕೆಲವರು ಕೇಳಬಹುದು: ಬೇರೊಂದು ಊರಿನ ಹಬ್ಬದಲ್ಲಿ ಹೀಗೆ ಮೈಮರೆತರೆ ತನ್ನದೆಂಬುದು ಉಳಿಯುವುದೆ? ಈ ಪ್ರಶ್ನೆಗೆ ಉತ್ತರ ಕಾಚಿಗುಡದಲ್ಲಿದೆ. ಅಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ. ನೃಪತುಂಗನ ಹೆಸರಿನ ಕನ್ನಡ ವಿದ್ಯಾಸಂಸ್ಥೆಯಿದೆ. ಶಿಕ್ಷಣದ ಮಾಧ್ಯಮ ಉರ್ದುವಾಗಿದ್ದ ಸಂಸ್ಥಾನದಲ್ಲಿ ಕನ್ನಡವನ್ನು ಕಾಪಾಡಿಕೊಳ್ಳುವುದು ಸುಲಭದ ಕೆಲಸವಾಗಿರಲಿಲ್ಲ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದುವಿನಲ್ಲಿ ಪಾಠ ಕೇಳಿ, ಕನ್ನಡದಲ್ಲಿ ಕವಿತೆ ಬರೆದವರು ನಮ್ಮಲ್ಲಿದ್ದರು. 'ಕಾವ್ಯಾನಂದ' ಸಿದ್ಧಯ್ಯ ಪುರಾಣಿಕರು ಆ ವಿಶ್ವವಿದ್ಯಾಲಯದ ವಿದ್ಯಾರ್ಥಿ. ನೃಪತುಂಗನ ರಾಜಧಾನಿ ಮಾನ್ಯಖೇಟ ಇಂದಿನ ಮಳಖೇಡ, ಸೇಡಂ ತಾಲ್ಲೂಕಿನ ಒಂದು ಊರು. ಒಂಬತ್ತನೆಯ ಶತಮಾನದಲ್ಲಿ ಕನ್ನಡನಾಡಿನ ಎಲ್ಲೆಯನ್ನು ಗೋದಾವರಿಯವರೆಗೆ ಹೇಳಿದ ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ತರುವಾಯ ಕಾಗಿಣಾ ತೀರದ ಆ ಹೆಸರನ್ನು ಮೂಸಿಯ ತೀರದ ಶಾಲೆಯ ಹಲಗೆಯ ಮೇಲೆ ಓದುವ ಮಗುವಿಗೆ ತಾನು ಪರಸ್ಥಳದಲ್ಲಿದ್ದೇನೆಂದು ಅನ್ನಿಸಬೇಕಾದ ಕಾರಣವೇನು?

ರಾಜ್ಯೋತ್ಸವ, ಬಸವ ಜಯಂತಿ, ಯುಗಾದಿಯ ಕವಿಗೋಷ್ಠಿ, ಒಂದು ನಾಟಕ: ಹೊರನಾಡಿನ ಕನ್ನಡ ಸಂಘಗಳ ವರ್ಷ ಸಾಮಾನ್ಯವಾಗಿ ಹೀಗೆ ಸಾಗುತ್ತದೆ. ದೊಡ್ಡ ಊರಿನ ರಸಿಕರು ಇವುಗಳನ್ನು ನೋಡಿ ನಗಬಹುದು. ನಾಟಕದ ಅರ್ಜುನನಿಗೆ ಮಾತು ಮರೆತೀತು; ಭಾಷಣಗಳು ಉದ್ದವಾದಾವು. ಆದರೆ ಬ್ಯಾಂಕಿನ ಗುಮಾಸ್ತ, ಔಷಧದ ಅಂಗಡಿಯವನು, ಕಾಲೇಜಿನ ಅಧ್ಯಾಪಕ, ಹೊಸದಾಗಿ ಊರಿನಿಂದ ಬಂದ ತಂತ್ರಜ್ಞ ತರುಣಿ, ಇವರೆಲ್ಲರೂ ಒಂದೇ ಚಾಪೆಯ ಮೇಲೆ ಕುಳಿತು ತಮ್ಮ ಭಾಷೆಯನ್ನು ಕೇಳುವ ಸಂಜೆ ಅದೊಂದೇ. ಆ ಸಂಜೆ ನಗುವುದಕ್ಕೂ ಅಳುವುದಕ್ಕೂ ತನ್ನ ಮಾತು ಸಿಗುವುದರಿಂದ ಮರುದಿನ ಇತರರ ಮಾತನ್ನು ಕೇಳುವ ಸಮಾಧಾನವೂ ಮನುಷ್ಯನಿಗೆ ಒದಗುತ್ತದೆ.

ಆದರೆ ಪಾಲು ತೆಗೆದುಕೊಳ್ಳುವುದಷ್ಟೇ ಸಾಲದು, ಕೊಡಬೇಕು ಎಂದೆನಲ್ಲವೆ? 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಹೈದರಾಬಾದನ್ನು ಮುಳುಗಿಸಿತು. ಸಾವಿರಾರು ಜನ ಸತ್ತರು. ಅಫ್ಜಲ್‌ಗಂಜಿನ ಒಂದು ಹುಣಿಸೆಮರವನ್ನು ಹತ್ತಿದವರು ಮಾತ್ರ ಬದುಕಿಕೊಂಡರೆಂದು ಆ ಮರವನ್ನು ಇಂದಿಗೂ ತೋರಿಸುತ್ತಾರೆ. ಮರುವರ್ಷ ನಿಜಾಮರ ಸರಕಾರ ಕರೆಸಿಕೊಂಡದ್ದು ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರನ್ನು. ನದಿಯ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆಯುವ ಯೋಜನೆಯನ್ನು ಅವರು ಹಾಕಿಕೊಟ್ಟರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಅವರು ಅಲ್ಲಿ ಬಹುಕಾಲ ನೆಲೆಸಲಿಲ್ಲ. ಆದರೂ ನಗರ ಅವರನ್ನು ತನ್ನವರೆಂದೇ ಎಣಿಸುತ್ತದೆ.

ವಿಶ್ವೇಶ್ವರಯ್ಯನವರು ಹೊರಗೆ ಹೋಗಿ ಕೊಟ್ಟವರಾದರೆ, ಹೊರಗಿನಿಂದ ನಮ್ಮಲ್ಲಿಗೆ ಬಂದು ಕೊಟ್ಟವರೂ ಇದ್ದಾರೆ. ತೈಮೂರನ ದಾಳಿಯ ಕಾಲದಲ್ಲಿ ದೆಹಲಿಯನ್ನು ಬಿಟ್ಟ ಬಂದೇನವಾಜರು ಕಲಬುರಗಿಗೆ ಬಂದಾಗ ಅವರಿಗೆ ಎಂಬತ್ತು ವರ್ಷದ ಆಸುಪಾಸು. 1422ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಕಲಬುರಗಿಯವರೇ ಆಗಿದ್ದರು. ಎರಡನೆಯ ಮನೆ ಕಟ್ಟಿಕೊಳ್ಳುವುದಕ್ಕೆ ವಯಸ್ಸಿನ ಕಟ್ಟಳೆಯಿಲ್ಲ. ಅವರಿಗಿಂತ ನಾಲ್ಕು ಶತಮಾನಗಳಿಗೂ ಹಿಂದೆ ಪುಷ್ಪದಂತನೆಂಬ ಕವಿ ಹೊರನಾಡಿನಿಂದ ಮಾನ್ಯಖೇಟಕ್ಕೆ ಬಂದು, ಮಂತ್ರಿ ಭರತನ ಆಶ್ರಯದಲ್ಲಿ ನಿಂತು, 965ರಲ್ಲಿ ತನ್ನ ಮಹಾಪುರಾಣವನ್ನು ಮುಗಿಸಿದನು. ಅವನು ಬರೆದದ್ದು ಕನ್ನಡದಲ್ಲಲ್ಲ, ಅಪಭ್ರಂಶದಲ್ಲಿ. ಕವಿರಾಜಮಾರ್ಗ ಹುಟ್ಟಿದ ರಾಜಧಾನಿಯಲ್ಲಿ ಬೇರೊಂದು ಭಾಷೆಯ ಮಹಾಕಾವ್ಯಕ್ಕೂ ಜಗಲಿಯಿತ್ತು. ಇದನ್ನು ನೆನೆದಾಗ ನಮ್ಮ ಪೂರ್ವಿಕರ ಮೇಲೆ ಗೌರವ ಹೆಚ್ಚುತ್ತದೆ.

ಈ ಗೌರವಕ್ಕೆ ತಕ್ಕಂತೆ ನಾವು ನಡೆಯುತ್ತಿದ್ದೇವೆಯೆ? ನಗರಕ್ಕೆ ಹೋದ ನಮ್ಮವರಲ್ಲಿ ಎರಡು ಬಗೆಯ ತಪ್ಪು ಕಾಣುತ್ತದೆ. ಕೆಲವರು ತಮ್ಮ ಜಾತಿಯ, ತಮ್ಮ ತಾಲ್ಲೂಕಿನ ಹತ್ತು ಮನೆಗಳನ್ನು ಗುರುತಿಸಿಕೊಂಡು ಅಲ್ಲಿಗೇ ಬೇಲಿ ಹಾಕಿಕೊಳ್ಳುತ್ತಾರೆ. ಅವರಿಗೆ ತೆಲುಗು ಬಾರದು. ಬೇಕೆಂಬ ಆಸೆಯೂ ಇಲ್ಲ. ಇನ್ನು ಕೆಲವರು ಹೋದ ವರ್ಷವೇ ಊರನ್ನು ಮರೆಯುತ್ತಾರೆ. ಮಕ್ಕಳಿಗೆ ಕನ್ನಡದ ಅಕ್ಷರ ಕಲಿಸುವುದನ್ನು ಮುಂದಕ್ಕೆ ಹಾಕುತ್ತ ಹಾಕುತ್ತ ಮಕ್ಕಳ ಮದುವೆಯೇ ಬಂದುಬಿಡುತ್ತದೆ. ಮೊದಲಿನವರು ಎರಡನೆಯ ಮನೆಯನ್ನು ಪಡೆಯಲಿಲ್ಲ. ಎರಡನೆಯವರು ಮೊದಲನೆಯ ಮನೆಯನ್ನು ಕಳೆದುಕೊಂಡರು. ಅಜ್ಜ ಬರೆದಿಟ್ಟ ಕಾಗದವನ್ನು ಮೊಮ್ಮಗಳು ಓದಲಾರಳೆಂದರೆ ಆ ಮನೆಯ ಒಂದು ಕೋಣೆಗೆ ಬೀಗ ಬಿದ್ದಂತೆ. ಬೀಗದ ಕೈ ಯಾರ ಹತ್ತಿರವೂ ಇರುವುದಿಲ್ಲ.

ಕಾನೂನು ಇದಕ್ಕೆ ಅಡ್ಡಿಯಾಗಿಲ್ಲ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುವ ಸಂವಿಧಾನದ 350ಎ ವಿಧಿ ಸೇರಿದ್ದು 1956ರಲ್ಲಿಯೇ, ರಾಜ್ಯಗಳ ಗೆರೆ ಎಳೆದ ವರ್ಷದಲ್ಲಿಯೇ. ಗೆರೆಯ ಆಚೆ ಉಳಿದವರ ಚಿಂತೆ ಗೆರೆ ಎಳೆದವರಿಗಿತ್ತು. ಕರ್ನಾಟಕ 2015ರಲ್ಲಿ ಶಾಲೆಗಳಲ್ಲಿ ಕನ್ನಡದ ಕಲಿಕೆಯನ್ನೂ ತೆಲಂಗಾಣ 2018ರಲ್ಲಿ ತೆಲುಗಿನ ಕಲಿಕೆಯನ್ನೂ ಕಾಯಿದೆಯ ಮೂಲಕ ಕಡ್ಡಾಯಗೊಳಿಸಿದವು. ಇದಕ್ಕೆ ಬೇಸರಿಸತಕ್ಕದ್ದೇನೂ ಇಲ್ಲ. ಅನ್ನ ತಿನ್ನುವ ಊರಿನ ಅಕ್ಷರ ಕಲಿಯುವುದು ಸಭ್ಯತೆ; ಹಾಲು ಕುಡಿದ ಮನೆಯ ಅಕ್ಷರ ಉಳಿಸಿಕೊಳ್ಳುವುದು ಕೃತಜ್ಞತೆ. ಕನ್ನಡ, ತೆಲುಗು ಲಿಪಿಗಳಿಗೆ ಇರುವ ಹೋಲಿಕೆಯನ್ನು ಬಲ್ಲವರಿಗೆ ಎರಡನ್ನೂ ಕಲಿಯುವುದು ಹೊರೆಯೆಂದು ತೋರಲಾರದು. ರವಿವಾರ ಒಂದು ತಾಸು ಮಕ್ಕಳನ್ನು ಕೂಡಿಸಿಕೊಂಡು ಓದಿಸುವ ಒಬ್ಬ ಅಧ್ಯಾಪಕ ಬಡಾವಣೆಗೊಬ್ಬನಂತೆ ಮುಂದೆ ಬಂದರೆ ಸಾಕು. ಮಿಕ್ಕದ್ದು ತಾನಾಗಿ ಆಗುತ್ತದೆ.

ಇಲ್ಲಿಯವರೆಗೆ ನಾನು ಹೇಳಿದ್ದು ಬಿಡುವು ಉಳ್ಳವರ ಮಾತು. ಬಿಡುವೇ ಇಲ್ಲದವರದು ಬೇರೆ ಕಥೆ. ಚಿಂಚೋಳಿಯ ತಾಂಡಾಗಳಿಂದ, ಮಳೆ ಕೈಕೊಟ್ಟ ಹಳ್ಳಿಗಳಿಂದ ಹೈದರಾಬಾದಿಗೆ, ಪುಣೆಗೆ, ಮುಂಬಯಿಗೆ ಗಾರೆಕೆಲಸಕ್ಕೆಂದು ಹೋಗುವ ಕುಟುಂಬಗಳಿವೆ. ಅವರು ಕಟ್ಟುವುದು ಇತರರ ಮನೆ. ತಮಗಿರುವುದು ತಗಡಿನ ಬಿಡಾರ. ಮಹಡಿಯ ಮೇಲೆ ಮಹಡಿ ಏರಿಸಿದ ಹೆಣ್ಣುಮಗಳು ಕಟ್ಟಡ ಮುಗಿದ ಮರುದಿನ ಆ ಬಾಗಿಲಿನೊಳಗೆ ಕಾಲಿಡುವಂತಿಲ್ಲ. ಬೋನಾಲಿನ ದಿನ ಅವಳಿಗೆ ರಜೆಯುಂಟೆ? ನುಮಾಯಿಷಿನ ತೊಟ್ಟಿಲನ್ನು ಅವಳ ಮಗು ದೂರದಿಂದಲಾದರೂ ಕಂಡಿದೆಯೆ? 2020ರ ಮಾರ್ಚ್ ತಿಂಗಳ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ನಗರಗಳಿಂದ ಊರಿನ ಕಡೆಗೆ ಗಂಟುಮೂಟೆ ಹೊತ್ತು ನಡೆದವರು ಇಂಥವರೇ. ಎಷ್ಟು ವರ್ಷ ದುಡಿದರೂ ಆ ನಗರಗಳು ಅವರಿಗೆ ಮನೆಯಾಗಿರಲಿಲ್ಲವೆಂಬುದು ಆ ವಾರ ಎಲ್ಲರಿಗೂ ಕಾಣಿಸಿತು. ಹೊರರಾಜ್ಯದ ಕೂಲಿಕಾರರ ಹಿತಕ್ಕೆಂದು 1979ರಲ್ಲಿಯೇ ಕಾಯಿದೆಯಾಗಿತ್ತು. ಪಡಿತರ ಚೀಟಿಯನ್ನು ಈಗ ಹೊರರಾಜ್ಯದಲ್ಲಿಯೂ ತೋರಿಸಿ ಧಾನ್ಯ ಪಡೆಯಬಹುದು. ಇದು ಒಳ್ಳೆಯ ಹೆಜ್ಜೆ. ಆದರೆ ಮನುಷ್ಯನಿಗೆ ಬೇಕಾದದ್ದು ಧಾನ್ಯವೊಂದೇ ಅಲ್ಲ. ವಾರಕ್ಕೊಂದು ಬಿಡುವಿನ ದಿನ, ಮಗುವಿಗೊಂದು ಶಾಲೆ, ಕಾಯಿಲೆಗೊಂದು ದವಾಖಾನೆ, ಓಣಿಯ ಹಬ್ಬಕ್ಕೊಂದು ಕರೆ ಇವೂ ಬೇಕು.

ಕೊನೆಯದೊಂದನ್ನು ಹೊರನಾಡಿನ ಕನ್ನಡ ಸಂಘಗಳವರು ಮಾಡಬಲ್ಲರು. ರಾಜ್ಯೋತ್ಸವದ ಸಭಾಂಗಣದಲ್ಲಿ ಮುಂದಿನ ಸಾಲು ಗಣ್ಯರಿಗೆಂದು ಮೀಸಲಿರುತ್ತದೆ. ಒಂದು ಸಾಲು, ಆ ಸಭಾಂಗಣವನ್ನು ಕಟ್ಟಿದ ನಮ್ಮ ಸೀಮೆಯವರಿಗೂ ಇರಲಿ. ಅವರ ಮನೆಮಾತು ಲಂಬಾಣಿಯಿರಬಹುದು, ತೆಲುಗಿರಬಹುದು, ಉರ್ದುವಿರಬಹುದು; ಊರು ಯಾವುದೆಂದು ಕೇಳಿದರೆ ಅವರೂ ನಮ್ಮ ತಾಲ್ಲೂಕುಗಳ ಹೆಸರನ್ನೇ ಹೇಳುತ್ತಾರೆ. ಅವರಿಲ್ಲದ ಕನ್ನಡ ಸಭೆ ಎಷ್ಟು ವಿಜೃಂಭಣೆಯಿಂದ ನಡೆದರೂ ಅರ್ಧ ಸಭೆಯೆಂದೇ ನನ್ನ ಭಾವನೆ.

ಹಾಗೆಯೇ ಸೇಡಂ, ಚಿಂಚೋಳಿ ತಾಲ್ಲೂಕುಗಳಲ್ಲಿ ತೆಲುಗು ಮಾತನಾಡುವ ಮನೆಗಳು ಬಹಳವಿವೆ. ವಾಡಿ, ಶಹಾಬಾದಗಳ ಸಿಮೆಂಟು ಕಾರ್ಖಾನೆಗಳಿಗೂ ಕಲ್ಲುಗಣಿಗಳಿಗೂ ನಾನಾ ಪ್ರಾಂತಗಳಿಂದ ದುಡಿಯಲು ಬಂದು ನೆಲೆ ನಿಂತವರಿದ್ದಾರೆ. ನಮ್ಮ ಮಕ್ಕಳಿಗೆ ಹೈದರಾಬಾದಿನಲ್ಲಿ ಕನ್ನಡದ ಶಾಲೆ ಉಳಿಯಬೇಕೆಂದು ಬಯಸುವ ನಾವು, ನಮ್ಮ ನೆರೆಯ ಮಗು ತನ್ನ ಮಾತಿನಲ್ಲಿ ಹಾಡಿದರೆ ಸಹಿಸಬೇಕೆಂದು ಹೇಳಿದರೆ ಸಾಲದು, ಕುಳಿತು ಕೇಳಬೇಕು. ಬತುಕಮ್ಮನ ಸುತ್ತಿನಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಸಿಕ್ಕ ಸ್ಥಳವನ್ನು ನಾವು ಎಳ್ಳ ಅಮಾವಾಸ್ಯೆಯ ಊಟದ ಪಂಕ್ತಿಯಲ್ಲಿ ಅವರಿಗೆ ಕೊಡಬೇಕು. ಲೆಕ್ಕ ಸರಿಹೋಗುವುದು ಹಾಗೆ.

ಪರೀಕ್ಷೆಯ ನೆಪದಲ್ಲಿಯೋ ನೌಕರಿಯ ನೆಪದಲ್ಲಿಯೋ ಈ ವರ್ಷ ಊರು ಬಿಟ್ಟು ನಗರಕ್ಕೆ ಹೊರಟಿರುವ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟು. ಗಂಟು ಕಟ್ಟುವಾಗ ಒಂದೆರಡು ಕನ್ನಡ ಪುಸ್ತಕಗಳನ್ನು ಇಟ್ಟುಕೊಳ್ಳಿರಿ. ಹೋದ ಮೊದಲ ತಿಂಗಳಲ್ಲಿಯೇ ಆ ಊರಿನ ಭಾಷೆಯಲ್ಲಿ ನೆರೆಯವರ ಕುಶಲ ಕೇಳುವುದನ್ನು ಕಲಿಯಿರಿ. ಅಲ್ಲಿಯ ಹಬ್ಬ ಬಂದಾಗ ಕಿಟಕಿಯಿಂದ ನೋಡದೆ ಬೀದಿಗೆ ಇಳಿಯಿರಿ; ನಿಮ್ಮ ಹಬ್ಬ ಬಂದಾಗ ಒಂದು ಹೋಳಿಗೆಯನ್ನು ಪಕ್ಕದ ಬಾಗಿಲಿಗೆ ಕಳುಹಿಸಿರಿ. ನಿಮ್ಮ ಕೋಣೆಯ ಮುಂದಿನ ಕಟ್ಟಡದಲ್ಲಿ ಇಟ್ಟಿಗೆ ಹೊರುವವರ ಮಾತಿನಲ್ಲಿ ನಮ್ಮ ಕಡೆಯ ಧಾಟಿ ಕೇಳಿಸಿದರೆ ನಿಂತು ಮಾತನಾಡಿಸಿರಿ. ಬಾಡಿಗೆಯ ಚೀಟಿ ಬದಲಾಗದಿದ್ದರೂ ಬಿಡಾರ ಮನೆಯಾಗುವುದಕ್ಕೆ ಇಷ್ಟು ಸಾಕು.